ಅಕ್ಕನ ಮನೆಯ ಟೇಪುಗಳು

ಮೂರು ಸಾಫ್ಟ್‌ವೇರುಗಳಲ್ಲಿ ಯಾವುದನ್ನು ಕೊಳ್ಳುವುದು ಎಂದು ಅವಳು ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೀಲಿಸಿ ಊರವರ ರಕ್ತದ ಕಣ ಎಣಿಸಿ, ಹೋದ ತಿಂಗಳಷ್ಟೇ ನಿವೃತ್ತಳಾದವಳಿಗೆ ಇದೇನು ಬ್ರಹ್ಮವಿದ್ಯೆಯಲ್ಲ. ಮೊದಲನೆಯದು ಪುಕ್ಕಟೆ ಸಿಗುತ್ತಿತ್ತು, ಆದರೆ ಚಿತ್ರದ ನಟ್ಟನಡುವೆ ತನ್ನ ಹೆಸರನ್ನು ಅಡ್ಡಡ್ಡ ಒತ್ತಿಬಿಡುತ್ತಿತ್ತು. ಯಾರದೇ ಮಗುವಿನ ಮುಖವಿರಲಿ, ಅದರ ಮೇಲೆ ಇದರ ಠಸ್ಸೆ. ಎರಡನೆಯದರಲ್ಲಿ ಗುಂಡಿಗಳೋ ಗುಂಡಿಗಳು, ಅದು ಸಿನಿಮಾದವರಿಗೇ ಇರಲಿ ಎಂದು ಬಿಟ್ಟಳು. ಮೂರನೆಯದರ ವಿವರಣೆಯಲ್ಲಿ, ಕೆಳಗಿನಿಂದ ಎರಡನೇ ಸಾಲಿನಲ್ಲಿ, ಚಿತ್ರವನ್ನೂ ಧ್ವನಿಯನ್ನೂ ಬೇರೆ ಬೇರೆ ಮಾಡಿ, ಎರಡನ್ನೂ ಬೇಕಾದಲ್ಲಿ ಕತ್ತರಿಸಿ ಬೇಕಾದಲ್ಲಿ ಜೋಡಿಸಬಹುದು ಎಂದು ಬರೆದಿತ್ತು. ಆ ಸಾಲನ್ನು ಅವಳು ಎರಡು ಸಲ ಓದಿದಳು. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ. "ಇದೇ ಆಗಬಹುದು, ಬಣ್ಣ ಮಾಸಿರೋದನ್ನ ಸರಿ ಮಾಡೋಕೆ ಸುಲಭ ಅಂತೆ" ಎಂದು ಗಂಡನಿಗೆ ಹೇಳಿದಳು. ಶೂಗೆ ಲೇಸು ಕಟ್ಟುತ್ತ ಕೂತಿದ್ದ ಗಂಡ ತಲೆ ಎತ್ತದೆ "ಹೂಂ" ಎಂದು ಕೆಲಸಕ್ಕೆ ಹೋದ.

ಟೇಪುಗಳು ಅಕ್ಕನವು. ಅಕ್ಕನೇ ಬಟ್ಟೆಯ ಚೀಲದಲ್ಲಿ ತಂದು, ಹಳೆಯ ಕ್ಯಾಮೆರಾದ ಸಮೇತ ಕೊಟ್ಟು ಹೋಗಿದ್ದಳು. ಒಟ್ಟು ಹನ್ನೊಂದು. ಒಂದೊಂದರ ಬೆನ್ನಿನ ಮೇಲೂ ಭಾವನ ಒತ್ತೊತ್ತು ಅಕ್ಷರ: "ಪುಟ್ಟಿ ನಡೆದದ್ದು", "ಪುಟ್ಟಿ ಮತ್ತು ಬಕೆಟ್ಟು", "ಪುಟ್ಟಿಗೆ ಮೂರು ತುಂಬಿತು". ಏಳನೆಯದರ ಮೇಲೆ "ಪುಟ್ಟಿಯ ಅಮ್ಮ ಬಂದದ್ದು" ಎಂದಿತ್ತು, ತಪಾಸಣೆಗೆ ಯಾರೋ ಮೇಲಧಿಕಾರಿ ಬಂದುಹೋದ ಹಾಗೆ. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು, ಇನ್ನು ಅವನನ್ನು ಅನ್ನುವಂತಿಲ್ಲ. ಡಿಸ್ಕಿಗೆ ಹಾಕಿಸಬೇಕು ಎಂದು ಹಟ ಹಿಡಿದವಳು ಇವಳ ಮಗಳು, ಟೇಪಿನ ಪುಟ್ಟಿ. ಅವಳಿಗೀಗ ಏಳು ತಿಂಗಳು. ಹುಟ್ಟುವ ಮಗುವಿಗೆ ತನ್ನ ಬಾಲ್ಯ ತೋರಿಸಬೇಕಂತೆ. ಅದೇ ಫೋನಿನಲ್ಲಿ, ಮಾತಿಗೆ ಮಾತು ಸೇರಿಸಿ, "ಹೆರಿಗೆ ಆದ್ಮೇಲೆ ಎರಡು ತಿಂಗಳು ದೊಡ್ಡಮ್ಮ ನನ್ ಜೊತೆ ಇರ್ತಾಳೆ, ನಾನೇ ಕೇಳ್ದೆ. ನಿಂಗೆ ಮೊಣಕಾಲು ನೋವಲ್ವಾ ಅಮ್ಮ, ಯಾಕೆ ಸುಮ್ನೆ ಒದ್ದಾಡ್ತೀಯ" ಅಂದಿದ್ದಳು. ಅಕ್ಕನಿಗೂ ಮೊಣಕಾಲಿದೆ, ಅದೂ ಇವಳದಕ್ಕಿಂತ ಆರು ವರ್ಷ ಹಳೆಯದು. ಆದರೆ ಅವಳು "ಒಳ್ಳೇದಾಯ್ತು ಬಿಡು" ಎಂದು ಫೋನಿಟ್ಟು, ತೊಳೆದಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಮೊದಲು ಟೇಪುಗಳನ್ನು ಅಂಗಡಿಗೇ ಕೊಂಡೊಯ್ದದ್ದು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡಿದ್ದ ಅಂಗಡಿಯವನು ಚೀಲ ಎಳೆದುಕೊಂಡು, "ಬಿಟ್ಟು ಹೋಗಿ ಮೇಡಂ, ಹತ್ತು ದಿನ ಆಗುತ್ತೆ" ಎಂದ. "ಹತ್ತು ದಿನ ಯಾಕೆ?" "ಟೇಪು ಎಷ್ಟು ಹೊತ್ತಿದೆಯೋ ಅಷ್ಟು ಹೊತ್ತೂ ಓಡ್ಬೇಕು. ಬೇಗ ಓಡ್ಸಿ ತುಂಬ್ಸೋಕಾಗಲ್ಲ." "ಅಷ್ಟು ಹೊತ್ತೂ ನೀವು ಕೂತು ನೋಡ್ತೀರಾ?" "ನೋಡ್ಲೇಬೇಕಲ್ಲ, ಮಧ್ಯೆ ಸಿಕ್ಕಾಕ್ಕೊಂಡ್ರೆ ಬಿಡಿಸೋರ್ಯಾರು" ಎಂದು ಅವನು ನಕ್ಕ. ಗುರುತಿಲ್ಲದ ಈ ಮನುಷ್ಯ ಬನ್ನು ತಿನ್ನುತ್ತ ತನ್ನ ಮಗಳು ಯಾರನ್ನು ಏನೆಂದು ಕರೆಯುತ್ತಿದ್ದಳು ಎಂದು ಹತ್ತು ದಿನ ನೋಡುವುದು ಕಣ್ಣಿಗೆ ಕಟ್ಟಿತು. ಅವಳು ಚೀಲವನ್ನು ವಾಪಸು ಎಳೆದುಕೊಂಡು, ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಣ್ಣ ಡಬ್ಬಿಯನ್ನು ಮಾತ್ರ ಕೊಂಡು ಬಂದಳು.

ಹೀಗೆ ಅವಳ ಬೆಳಗು ಮಧ್ಯಾಹ್ನಗಳೆಲ್ಲ ಹಿಂದಿನ ಕೋಣೆಯಲ್ಲಿ ಕಳೆಯತೊಡಗಿದವು. ಪರದೆ ಎಳೆದು, ಟೇಪು ಹಾಕಿ, ಗುಂಡಿ ಒತ್ತಿದರೆ ಅಕ್ಕನ ಮನೆಯ ಅಂಗಳ. ಬಣ್ಣ ಹೋದ ಗೇಟು, ಹಗ್ಗದ ಮೇಲೆ ಒಣಗಿದ ಬಟ್ಟೆ, ಕೆಂಪು ಬಕೆಟ್ಟನ್ನು ಎಳೆದಾಡುವ ಮಗು. ಬಟ್ಟೆ ತೆಗೆಯುತ್ತಿರುವ ಅಕ್ಕ, ಆಗ ಮೂವತ್ನಾಲ್ಕರವಳು. ಇಷ್ಟು ಚೆಂದವಿದ್ದಳೇ ಇವಳು? ಮಗು ಬಕೆಟ್ಟು ಬಿಟ್ಟು, "ಅಮ್ಮಾ" ಎನ್ನುತ್ತದೆ. ಅಕ್ಕ ತಿರುಗಿಯೂ ನೋಡದೆ, ಸಾವಿರ ಸಲ ಹೇಳಿದ್ದನ್ನು ಹೇಳುವ ಹಾಗೆ, "ಏನು ಕಂದಾ" ಎನ್ನುತ್ತಾಳೆ. ನೋಡುತ್ತಿದ್ದವಳಿಗೆ ಉರಿದದ್ದು ಆ ತಿರುಗದೆ ಇದ್ದದ್ದಕ್ಕೆ. ತಿರುಗಿ ನೋಡಿ, ಹಿಗ್ಗಿ, ಓಡಿಬಂದು ಎತ್ತಿಕೊಂಡಿದ್ದರೆ ಪರರ ಮಗುವಿನ ಮೇಲಿನ ಆಸೆ ಎಂದಾದರೂ ಅಂದುಕೊಳ್ಳಬಹುದಿತ್ತು. ಲ್ಯಾಬಿನಿಂದ ಬರುವಾಗ ಬೆರಳಿನಲ್ಲಿ ಒತ್ತಿ ಎಣಿಸುವ ಪುಟ್ಟ ಯಂತ್ರವೊಂದನ್ನು ಯಾರಿಗೂ ಹೇಳದೆ ತಂದಿಟ್ಟುಕೊಂಡಿದ್ದಳು, ಮೇಜಿನ ಡ್ರಾಯರಿನಲ್ಲಿತ್ತು. ಅದನ್ನು ಎಡಗೈಯಲ್ಲಿ ಹಿಡಿದು, ಮಗು "ಅಮ್ಮ" ಎಂದಾಗಲೆಲ್ಲ ಒಂದು ಸಲ ಒತ್ತಿದಳು. ಮೂವತ್ತೊಂದು ವರ್ಷ ಬಿಳಿಯ ಕಣಕ್ಕೆ ಒತ್ತಿದ ಬೆರಳು, ತಪ್ಪುವ ಪ್ರಶ್ನೆಯೇ ಇಲ್ಲ. ಮೊದಲ ಮೂರು ಟೇಪಿಗೆ ನೂರಾ ಹದಿನಾಲ್ಕು ಬಂತು. ಇದೇನು ಹುಚ್ಚು ಎಂದು ಎದ್ದು ಮುಖ ತೊಳೆದು ಬಂದು, ನಾಲ್ಕನೆಯದನ್ನು ಹಾಕಿ, ಮತ್ತೆ ಯಂತ್ರವನ್ನು ಕೈಗೆತ್ತಿಕೊಂಡಳು.

ಮಗುವನ್ನು ಎಂಟನೇ ತಿಂಗಳಿಗೇ ಅಕ್ಕನ ಹತ್ತಿರ ಬಿಟ್ಟು ಹೋದದ್ದು. ಗಂಡ ಹೆಂಡತಿ ಇಬ್ಬರಿಗೂ ಆರು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ ಕೆಲಸ, ಅವಳಿಗೆ ಪಾಳಿ, ಹೊಸಬಳಾದ್ದರಿಂದ ಎಲ್ಲರೂ ಬೇಡವೆಂದ ಪಾಳಿ. ಅಕ್ಕನಿಗೆ ಮಕ್ಕಳಿರಲಿಲ್ಲ. "ಒಂದ್ವರ್ಷ ನನ್ ಹತ್ರ ಇರ್ಲಿ ಬಿಡೇ" ಎಂದು ಅಕ್ಕ ಹೇಳಿದಾಗ ಅವಳು ಅತ್ತಳು. ಅತ್ತದ್ದು ನಿಜ. ಆದರೆ ವಾಪಸು ಹೋದ ದಿನ ಎಂಟು ಗಂಟೆ ಒಂದೇ ಮಗ್ಗುಲಲ್ಲಿ ನಿದ್ದೆ ಮಾಡಿ, ಎದ್ದು, ಯಾರೂ ಅಳದ ಮನೆಯಲ್ಲಿ ಬಿಸಿ ಕಾಫಿ ಬಿಸಿಯಾಗಿರುವಾಗಲೇ ಕುಡಿದು, ಆಹಾ ಎನಿಸಿತ್ತಲ್ಲ, ಅದೂ ನಿಜ. ಅದನ್ನು ಅವಳು ಗಂಡನಿಗೂ ಹೇಳಿಲ್ಲ. ಮಗುವಿಗೆ ಎರಡೂವರೆ ಆದಾಗ ಆಸ್ಪತ್ರೆಯವರು ಮನೆ ಕೊಟ್ಟರು. ಕರೆದುಕೊಂಡು ಬರಬಹುದಿತ್ತು. ಗೋಡೆಯ ಬಣ್ಣದ ವಾಸನೆ ಹೋಗಲಿ ಅಂದಳು, ನೀರು ಸರಿಯಾಗಿ ಬರಲಿ ಅಂದಳು, ಆಮೇಲೆ ಇಲಾಖೆಯ ಪರೀಕ್ಷೆ ಮುಗಿಯಲಿ ಅಂದಳು. ಹೀಗೆ ಎರಡು ವರ್ಷ. ಅಕ್ಕ ಒಂದು ಸಲವೂ ಯಾವಾಗ ಕರ್ಕೊಂಡು ಹೋಗ್ತೀಯ ಎಂದು ಕೇಳಲಿಲ್ಲ. ಕೇಳಲಿಲ್ಲವಲ್ಲ, ಅದೇ ಅವಳ ಹಂಚಿಕೆ ಎಂದು ಈಗ ಅನಿಸುತ್ತಿತ್ತು. ಕಡೆಗೆ ಕರೆತಂದ ದಿನ ಅಕ್ಕ ಒಂದು ಹಾಳೆ ಬರೆದು ಕೈಗಿಟ್ಟಿದ್ದಳು: ಯಾವ ಕಿವಿ ನೋಯುತ್ತದೆ, ಎಷ್ಟು ಹೊತ್ತಿಗೆ ಹಾಲು, ಯಾವುದಕ್ಕೆ ಹೆದರುತ್ತಾಳೆ. ನನ್ನ ಮಗಳ ವಿಷಯ ನನಗೇ ಬರೆದುಕೊಡುತ್ತಾಳಲ್ಲ ಎಂದು ಮೈಯೆಲ್ಲ ಉರಿದು, ಅರ್ಧವನ್ನೂ ಓದದೆ, ಬಸ್ಸಿನ ಕಿಟಕಿಯಿಂದ ಎಸೆದಿದ್ದಳು. ಹೊಸ ಮನೆಯಲ್ಲಿ ಮಗು ಒಂದು ವಾರ ಅತ್ತು ಅತ್ತು ಜ್ವರ ಬರಿಸಿಕೊಂಡಿತು. ಮಲಗುವಾಗ ಬಾಗಿಲನ್ನು ಪೂರ್ತಿ ಮುಚ್ಚಬಾರದು, ಒಂದು ಗೇಣು ತೆರೆದಿಡಬೇಕು ಎಂದು ಅದರಲ್ಲಿ ಬರೆದಿತ್ತಂತೆ. ಎಂಟನೇ ದಿನ ಅಕ್ಕನಿಗೆ ಫೋನು ಮಾಡಿ, ಹಾಳೆ ಎಲ್ಲೋ ಬಿದ್ದುಹೋಯಿತು ಎಂದು ಸುಳ್ಳು ಹೇಳಿ, ಕೇಳಿ ತಿಳಿದುಕೊಂಡಳು.

ಐದನೇ ಟೇಪಿನಲ್ಲಿ ಅಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಫೋಟೋ ತೋರಿಸುತ್ತಿದ್ದಳು. ಫೋಟೋದಲ್ಲಿ ಬಿಳಿಯ ಕೋಟು ಹಾಕಿಕೊಂಡು ನಗುತ್ತಿರುವವಳು ಅವಳೇ. "ಇದು ಯಾರು ಹೇಳು? ಅಮ್ಮ. ಹೇಳು, ಅಮ್ಮ." ಮಗು ಫೋಟೋವನ್ನು ನೋಡಿ, ಅಂಗೈಯಿಂದ ಅದರ ಮೇಲೊಂದು ಏಟು ಕೊಟ್ಟು, ಅಕ್ಕನ ಕೆನ್ನೆ ಹಿಡಿದು, "ಅಮ್ಮ" ಎಂದಿತು. "ಅಲ್ಲ ಪುಟ್ಟಿ, ನಾನು ದೊಡ್ಡಮ್ಮ. ದೊಡ್ಡಮ್ಮ ಅನ್ನು." "ಅಮ್ಮ." ಕ್ಯಾಮೆರಾದ ಹಿಂದಿನಿಂದ ಭಾವನ ಗೊಗ್ಗರು ನಗು. "ಸಾಕು ಬಿಡೇ, ಅದಕ್ಕೇನು ಗೊತ್ತಾಗತ್ತೆ." "ಹಾಗಂದ್ರೆ ಹೇಗೆ? ನಾಳೆ ಅವಳು ಬಂದಾಗ ಬೇಜಾರು ಮಾಡ್ಕೊಳ್ಳಲ್ವಾ? ಪುಟ್ಟಿ, ಇಲ್ನೋಡು, ಇದು ಯಾರು?" ಹೀಗೆ ಎಷ್ಟು ಸಲ! ಆರನೆಯದರಲ್ಲಿಯೂ ಇತ್ತು, ಎಂಟನೆಯದರಲ್ಲಿಯೂ ಇತ್ತು. ಬೆರಳ ಯಂತ್ರ ಕೈಯಲ್ಲೇ ಉಳಿಯಿತು, ಇದನ್ನು ಯಾವ ಲೆಕ್ಕಕ್ಕೆ ಹಿಡಿಯುವುದೋ ತಿಳಿಯಲಿಲ್ಲ. ಅಕ್ಕ ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು! ಮಗುವಿನ ಕಿವಿಯಲ್ಲಿ ನಾನೇ ನಿನ್ನಮ್ಮ ಎಂದು ಊದಿದ್ದರೆ, ಈಗ ಜಗಳ ತೆಗೆದು, ಮುಖದ ಮೇಲೆ ಹೊಡೆದಂತೆ ಮಾತಾಡಿ, ಹಗುರವಾಗಬಹುದಿತ್ತು. ಅಕ್ಕ ಬೇಡ ಬೇಡವೆಂದು ತಳ್ಳಿದ್ದನ್ನೇ ಮಗು ಬಲವಂತವಾಗಿ ಅಕ್ಕನ ಕೈಗೆ ತುರುಕಿದೆ. ಬೇಡಿದವಳಿಗೆ ಸಿಗಲಿಲ್ಲ. ಹೊಟ್ಟೆಕಿಚ್ಚು ಎಂಬುದು ಐವತ್ತೊಂಬತ್ತರಲ್ಲೂ ಇಷ್ಟು ಎಳೆಯದಾಗಿ, ಹೊಚ್ಚ ಹೊಸದಾಗಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಂದು ಅಡುಗೆಗೆ ಉಪ್ಪು ಹಾಕುವುದನ್ನು ಮರೆತಳು, ಗಂಡ ಉಪ್ಪಿನಕಾಯಿ ಬಡಿಸಿಕೊಂಡು ಉಂಡ.

ಕತ್ತರಿಸುವ ಕೆಲಸ ಶುರುವಾದದ್ದು ಹೀಗೆ. ಮೊದಲು ಫೋಟೋದ ಪ್ರಸಂಗಗಳು ಹೋದವು. ಹುಟ್ಟುವ ಮಗುವಿಗೇಕೆ ಅದೆಲ್ಲ, ನೋಡಿದರೆ ಮನಸ್ಸು ಕೆಡುತ್ತದೆ ಎಂದು ಸಮಾಧಾನ ಹೇಳಿಕೊಂಡಳು. ಆಮೇಲೆ "ಏನು ಕಂದಾ"ಗಳು ಒಂದೊಂದಾಗಿ ಹೋದವು. ಪರದೆಯ ಮೇಲೆ ಧ್ವನಿ ಹಸಿರು ಗೀಟಾಗಿ ಕಾಣುತ್ತದೆ, ಮಾತು ಬಂದಲ್ಲಿ ಉಬ್ಬುತ್ತದೆ. ಅಕ್ಕನ ಉಬ್ಬು ಯಾವುದು, ಮಗುವಿನದು ಯಾವುದು ಎಂದು ಎರಡೇ ದಿನಕ್ಕೆ ಅವಳ ಕಣ್ಣು ಕಲಿತುಬಿಟ್ಟಿತು. ಭಾವ "ಅಮ್ಮನ ಹತ್ರ ಹೋಗು, ಹೋಗು" ಎಂದು ಅಕ್ಕನನ್ನೇ ತೋರಿಸಿ ಮಗುವನ್ನು ಹುರಿದುಂಬಿಸುವುದು ಬಹಳ ಕಡೆ ಇತ್ತು. ಭಾವನ ಮಾತು ಬಂದಲ್ಲೆಲ್ಲ ಧ್ವನಿಯನ್ನೇ ತೆಗೆದು, ಸಾಫ್ಟ್‌ವೇರಿನ ಜೊತೆ ಪುಕ್ಕಟೆ ಬಂದಿದ್ದ ಪಿಟೀಲು ಹಾಕಿದಳು.

ಇನ್ನು ಏಳನೇ ಟೇಪು, ಪುಟ್ಟಿಯ ಅಮ್ಮ ಬಂದದ್ದು. ಗೇಟಿನ ಒಳಗೆ, ಹಸಿರು ಸ್ವೆಟರು ಹಾಕಿಕೊಂಡು, ಚೀಲವನ್ನು ಪಕ್ಕಕ್ಕೆ ಎಸೆದು, ಮಂಡಿಯೂರಿ, ಎರಡೂ ಕೈ ಚಾಚಿರುವ ಹೆಂಗಸು. ಮುಖದ ತುಂಬ ನಗು. ಆ ನಗುವನ್ನು ಹಿಡಿದುಕೊಂಡಿದ್ದು ಎಷ್ಟು ಹೊತ್ತು ಎಂದು ಅವಳಿಗೆ ನೆನಪಿತ್ತು, ಟೇಪಿನ ಪ್ರಕಾರ ಒಂದು ನಿಮಿಷ ನಲವತ್ತು ಸೆಕೆಂಡು. ಮಗು ಅಕ್ಕನ ಕಾಲಿನ ಹಿಂದೆ ಅವಿತು, ಇಣುಕಿ, ಬಾಯಿ ದೊಡ್ಡದು ಮಾಡಿ ಅಳತೊಡಗಿತು. ಅಕ್ಕ ಅದನ್ನು ಎತ್ತಿ ಇವಳ ಕೈಗೆ ಕೊಡಲು ಬಂದರೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಆಗ ಭಾವ ಏನು ಮಾಡಿದ್ದ ಗೊತ್ತೇ? ಕ್ಯಾಮೆರಾವನ್ನು ನಿಧಾನವಾಗಿ ನೆಲದ ಕಡೆ ತಿರುಗಿಸಿದ್ದ. ಉಳಿದ ನಿಮಿಷವೆಲ್ಲ ಅಂಗಳದ ಕಲ್ಲು, ಮೇಲಿನಿಂದ ಅಳು. ಸಜ್ಜನ ಮನುಷ್ಯ, ಅವಳ ಮರ್ಯಾದೆ ಕಾಪಾಡಿದ್ದ. ಆ ಸಜ್ಜನಿಕೆಗೇ ಅವಳಿಗೆ ಈಗ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಅವಳು ಎರಡನೇ ಟೇಪಿಗೆ ಹೋಗಿ, ಮಗು ಅಂಗಳದಲ್ಲಿ ಕೈ ಎರಡೂ ಮೇಲೆತ್ತಿ "ಅಮ್ಮಾ" ಎಂದು ಕೂಗುತ್ತ ಓಡಿಬರುವ ತುಣುಕನ್ನು ಹುಡುಕಿದಳು. ಅಕ್ಕ ಚೌಕಟ್ಟಿನೊಳಗೆ ಬರುವ ಒಂದು ಕ್ಷಣ ಮೊದಲು ಕತ್ತರಿಸಿದಳು. ಅದರ ಬಾಲಕ್ಕೆ ಹಸಿರು ಸ್ವೆಟರಿನ ಮೊದಲ ನಾಲ್ಕು ಸೆಕೆಂಡು ಅಂಟಿಸಿದಳು. ಮಗು ಕೂಗುತ್ತದೆ, ಓಡುತ್ತದೆ. ಅಮ್ಮ ಮಂಡಿಯೂರಿ ಕೈ ಚಾಚುತ್ತಾಳೆ. ಸ್ವೆಟರಿನ ತುಣುಕಿನಲ್ಲಿ ಮಗುವಿನ ಫ್ರಾಕು ಕಾಣುವುದೇ ಇಲ್ಲವಾದ್ದರಿಂದ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅವಳು ಅದನ್ನು ಹನ್ನೆರಡು ಸಲ ನೋಡಿದಳು, ಹದಿಮೂರನೇ ಸಲಕ್ಕೆ ತನಗೇ ನೆನಪಿದ್ದಂತಾಯಿತು.

ಭಾನುವಾರ ಬೆಳಿಗ್ಗೆ ಮಗಳು ಅಕ್ಕನನ್ನೂ ಕರೆದುಕೊಂಡು ಬಂದಳು. ಗಂಡ ಯಾರನ್ನೋ ನೋಡಲು ಹೋಗಿದ್ದ. ಮಗಳು ಸೋಫಾದಲ್ಲಿ ಒರಗಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡಳು, ಅಕ್ಕ ಕನ್ನಡಕ ಒರೆಸಿಕೊಂಡು ಟೀವಿಗೆ ಹತ್ತಿರದ ಕುರ್ಚಿಯಲ್ಲಿ ತುದಿಗೆ ಕೂತಳು. ಹನ್ನೊಂದು ಟೇಪು ಐವತ್ತು ನಿಮಿಷವಾಗಿತ್ತು. ಮಗಳು ತನ್ನ ದಪ್ಪ ಕೆನ್ನೆ ನೋಡಿ ನಕ್ಕಳು, ಬಕೆಟ್ಟು ನೋಡಿ ನಕ್ಕಳು. ಅಕ್ಕ ನಗುತ್ತಿದ್ದಳು, ಆದರೆ ಅವಳ ತಲೆ ಒಂದು ಮಗ್ಗುಲಿಗೆ ವಾಲಿತ್ತು, ಏನನ್ನೋ ಕೇಳಿಸಿಕೊಳ್ಳಲು ಕಾಯುವವರ ಹಾಗೆ. ಗೇಟಿನ ದೃಶ್ಯ ಬಂತು. ಮಗು ಕೂಗಿತು, ಓಡಿತು. ಹಸಿರು ಸ್ವೆಟರು ಕೈ ಚಾಚಿತು. ಮಗಳು ರಿಮೋಟು ಹಿಡಿದು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದಳು.

"ಅಮ್ಮ, ನಾನು ನಿನ್ ಹತ್ರ ಬರ್ತಾನೇ ಇರ್ಲಿಲ್ಲ ಅಂತ ಅಂದ್ಕೊಂಡಿದ್ದೆ" ಎಂದಳು. "ನಿನ್ನ ನೋಡಿದ್ರೆ ಅಳ್ತಿದ್ದೆ ಅಂತ ನೆನಪು. ಸುಮ್ನೆ ಏನೋ ಅಂದ್ಕೊಂಡು, ಇಷ್ಟು ವರ್ಷ... ನಂಗೆ ಹುಟ್ಟೋದೂ ಹಾಗೇ ಮಾಡಿದ್ರೆ ಅಂತ ಭಯ ಆಗ್ತಿತ್ತು." ಮೂಗು ಒರೆಸಿಕೊಂಡು ಅಕ್ಕನ ಕಡೆ ತಿರುಗಿದಳು. "ದೊಡ್ಡಮ್ಮ, ನಿಂಗೆ ನೆನಪಿದ್ಯಾ ಇದು?"

ಅಕ್ಕ ಕನ್ನಡಕ ತೆಗೆದಳು. ಅಕ್ಕ ಇವಳನ್ನು ನೋಡಲಿಲ್ಲ, ನೋಡಿದ್ದರೆ ಇವಳು ಬದುಕಿಕೊಳ್ಳುತ್ತಿದ್ದಳೇನೋ.

"ನೆನಪಿಲ್ದೆ ಏನು" ಎಂದಳು ಅಕ್ಕ. "ಅವತ್ತು ನೀನು ಅವಳ ಕತ್ತು ಬಿಡ್ಲೇ ಇಲ್ಲ. ಊಟಕ್ಕೂ ಇಳೀಲಿಲ್ಲ. ನಂಗೇ ಹೊಟ್ಟೆಕಿಚ್ಚಾಯ್ತು."

ಮಗಳು ನಕ್ಕು, ಕೈ ನೀಡಿ ಅಮ್ಮನ ಬೆರಳು ಹಿಡಿದುಕೊಂಡಳು. ಎಷ್ಟೋ ವರ್ಷದ ಮೇಲೆ ಮಗಳು ತಾನಾಗಿ ಹಿಡಿದ ಕೈ. ಅದು ಅಕ್ಕ ಕೊಟ್ಟದ್ದು ಎಂದು ಗೊತ್ತಿದ್ದೂ ಅವಳು ಬಿಡಿಸಿಕೊಳ್ಳಲಿಲ್ಲ. ಒಳಗೆ ಬೇರೆಯದೇ ಒಂದು ಉರಿ ಎದ್ದಿತ್ತು: ನೋಡು, ಸುಳ್ಳು ಹೇಳುವುದರಲ್ಲಿಯೂ ಇವಳೇ ಮೇಲು.

ಡಿಸ್ಕು ಮುಗಿದ ಮೇಲೆ ಅಕ್ಕ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ನಲ್ಲಿ ತಿರುಗಿಸಿ, ಒಂದು ಲೋಟ ತೊಳೆದು ಬೋರಲು ಹಾಕಿ, "ಚೆನ್ನಾಗಿ ಮಾಡಿದ್ದೀಯ ಕಣೇ, ಕಷ್ಟಪಟ್ಟಿದ್ದೀಯ" ಎಂದಳು. ಇನ್ನೊಂದು ಲೋಟ ತೊಳೆದಳು. ಆಮೇಲೆ ತೀರಾ ಮೆಲ್ಲಗೆ, ಕೇಳಬಾರದ್ದನ್ನು ಕೇಳುವ ಹಾಗೆ, "ಅವರ ದನಿ ಎಲ್ಲೂ ಇಲ್ವಲ್ಲೇ" ಎಂದಳು.

ಅವಳಿಗೆ ಆಗ ಹೊಳೆಯಿತು, ಅಕ್ಕ ಐವತ್ತು ನಿಮಿಷ ತಲೆ ವಾಲಿಸಿ ಕೂತದ್ದು ಯಾತಕ್ಕೆಂದು. ಭಾವ ಯಾವ ಟೇಪಿನಲ್ಲಿಯೂ ಕಾಣುವುದಿಲ್ಲ, ಕ್ಯಾಮೆರಾ ಅವನ ಕೈಯಲ್ಲೇ ಇತ್ತು. ಅವನೆಂದರೆ ಆ ದನಿಯಷ್ಟೇ. ಅದನ್ನು ಅವಳು ಉಬ್ಬು ಉಬ್ಬಾಗಿ ನೋಡಿ ಅಳಿಸಿ, ಪಿಟೀಲು ತುಂಬಿದ್ದಳು.

"ಟೇಪಲ್ಲಿದೆ ಅಕ್ಕಾ" ಎಂದಳು. "ಹಿಂದಿನ ರೂಮಲ್ಲಿದೆ. ಬಾ."

ಕೈಗೆ ಸಿಕ್ಕಿದ್ದು ಎರಡನೇ ಟೇಪು. ಕ್ಯಾಮೆರಾಕ್ಕೆ ಹಾಕಿ ಗುಂಡಿ ಒತ್ತಿದಳು. ಕ್ಯಾಮೆರಾದ ಬದಿಯ ಪುಟ್ಟ ಪರದೆಯಲ್ಲಿ ಅಂಗಳ, ಮಗು. "ಪುಟ್ಟಿ, ಇಲ್ನೋಡು, ಯಾರ್ ಹತ್ರ ಹೋಗ್ತೀಯ? ಅಮ್ಮನ ಹತ್ರ ಹೋಗು, ಹೋಗು" ಎಂದಿತು ಭಾವನ ದನಿ, ಕೋಣೆಯ ತುಂಬ, ಎದುರಿಗೆ ನಿಂತು ಹೇಳಿದ ಹಾಗೆ. ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಮಗು ಕೈ ಎರಡೂ ಎತ್ತಿ "ಅಮ್ಮಾ" ಎಂದು ಓಡಿಬಂತು, ಮೂವತ್ನಾಲ್ಕರ ಅಕ್ಕ ಚೌಕಟ್ಟಿನೊಳಗೆ ಬಂದು ಅದನ್ನು ಬಾಚಿ ಎತ್ತಿಕೊಂಡಳು. "ದೊಡ್ಡಮ್ಮ ಅನ್ನು, ದೊಡ್ಡಮ್ಮ." ಭಾವನ ನಗು. ಬಾಗಿಲು ತೆರೆದೇ ಇತ್ತು. ಅದರಾಚೆ ಹಾಲಿನಲ್ಲಿ ಮಗಳು ಡಿಸ್ಕನ್ನು ಮೊದಲಿನಿಂದ ಹಾಕುತ್ತಿದ್ದಳು, ಪಿಟೀಲು ಕೇಳುತ್ತಿತ್ತು. ಅದು ನಿಂತರೆ ಇದು ಅಲ್ಲಿಗೆ ಕೇಳುತ್ತದೆ. ಕೇಳಲಿ ಎಂದು ಬಿಟ್ಟುಬಿಡಬಹುದು. ಅಥವಾ ಹತ್ತು ಹೆಜ್ಜೆ ಹೋಗಿ, ಅದು ನಾನಲ್ಲ ಕಂದಾ, ನಿನ್ನ ದೊಡ್ಡಮ್ಮ ಎಂದು ಹೇಳಬಹುದು. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಸೌಂಡು ಕಮ್ಮಿ ಮಾಡೇ" ಎಂದಳು ಅಕ್ಕ, ಪರದೆಯಿಂದ ಕಣ್ಣು ಕೀಳದೆ. "ಅವಳಿಗೆ ಕೇಳ್ಸುತ್ತೆ."

ಅವಳು ಕಮ್ಮಿ ಮಾಡಿದಳು. ಅಕ್ಕ ಬಗ್ಗಿ, ನೋಯುವ ಮೊಣಕಾಲನ್ನು ಮೇಜಿಗೆ ಒತ್ತಿ ಹಿಡಿದು, ಕ್ಯಾಮೆರಾದ ಪಕ್ಕಕ್ಕೆ ಕಿವಿ ಇಟ್ಟಳು.

"ನಿಂಗೆ ಕೇಳ್ತಿದ್ಯಾ?"

"ಹೂಂ. ಇನ್ನೂ ಸ್ವಲ್ಪ ಕಮ್ಮಿ ಮಾಡು."

ಅವಳು ಇನ್ನೂ ಸ್ವಲ್ಪ ಕಮ್ಮಿ ಮಾಡಿದಳು.